‘ಬಿಟ್ಟೆ’ ಎಂದವನು ನಾನು, ಬಿಟ್ಟವಳು ತಂಗಿ

ಆ ಬ್ರೇಕಿಗೆ ಬಿದ್ದ ಖರ್ಚು ಮೂವತ್ತೈದು ರೂಪಾಯಿ. ಇಪ್ಪತ್ತೇಳಕ್ಕೆ ಮುಗಿಯಬೇಕಾದ ಕೆಲಸ. ಗಾಲಿಯ ಹತ್ತಿರ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳಿಗೆ ಹನ್ನೆರಡು, ಬ್ರೇಕ್ ಎಣ್ಣೆ ಡಬ್ಬಿಗೆ ನಾಲ್ಕು, ಬಿಚ್ಚಿ ಜೋಡಿಸಿದ ಕೂಲಿ ಎಂಟು, ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಮೂರು. ಮೇಲಿನ ಎಂಟು ರೂಪಾಯಿ ನನ್ನ ಜಾಣತನಕ್ಕೆ ತೆತ್ತದ್ದು.

ಐವತ್ತರ ದಶಕದ ಮಾತು. ಸೌದೆ ಡಿಪೋದಲ್ಲಿ ಹೊರೆ ಹೊತ್ತು ಕೂಡಿಟ್ಟ ದುಡ್ಡಿನಲ್ಲಿ, ಮಿಲಿಟರಿ ಹರಾಜಿನಿಂದ ಒಂದು ಹಳೆಯ ವ್ಯಾನು ತಂದು ಕೆಂಗೇರಿಯಿಂದ ಪೇಟೆಗೆ ಬಾಡಿಗೆ ಹೊಡೆಯುತ್ತಿದ್ದೆ. ಆ ವರ್ಷ ನನ್ನ ತಂಗಿ ಎಸ್.ಎಸ್.ಎಲ್.ಸಿ. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಿದ ಮೊದಲನೆಯವಳು. ಅವಳನ್ನೂ ಊರಿನ ಇನ್ನು ಆರು ಮಕ್ಕಳನ್ನೂ ಪೇಟೆಯ ಪರೀಕ್ಷಾ ಕೇಂದ್ರಕ್ಕೆ ನಾನೇ ಮುಟ್ಟಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಹಳೇ ಕಪ್ಪುಗಳು ಸೋರುತ್ತಿದ್ದವು. ಪರರ ಮಕ್ಕಳ ಜೀವದ ಪ್ರಶ್ನೆಯೆಂದು ನಾಯಂಡಹಳ್ಳಿಯ ಮೇಸ್ತ್ರಿಯ ಶೆಡ್ಡಿಗೆ ಗಾಡಿ ಒಯ್ದೆ.

“ಗಾಳಿ ತೆಗೆಯೋಕೂ ದುಡ್ಡಾ ಮೇಸ್ತ್ರಿಗಳೇ? ಗಾಳಿ ಏನು ನೀವು ತುಂಬಿಸಿದ್ರಾ?” ಎಂದೆ.

“ಬೇಡ ಬಿಡಿ ಸ್ವಾಮಿ. ನೀವೇ ತೆಗೀರಿ. ಆದ್ರೆ ಜನ ಕೂರಿಸೋಕೆ ಮುಂಚೆ ನಂಗೊಂದ್ಸಲ ತೋರಿಸಿ” ಎಂದು ಅವರು ನಕ್ಕರು.

ಮೂರು ರೂಪಾಯಿ ಉಳಿಸಿದ ಖುಷಿಯಲ್ಲಿ ಖಾಲಿ ಗಾಡಿಯನ್ನು ಎತ್ತಿನಗಾಡಿಯಷ್ಟು ನಿಧಾನವಾಗಿ ಮನೆಗೆ ತಂದೆ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ತಂಗಿಯನ್ನು ಪೆಡಲಿನ ಮುಂದೆ ಕೂರಿಸಿ, ಸ್ಪ್ಯಾನರ್ ಹಿಡಿದು ಗಾಲಿಯ ಹಿಂದೆ ನುಗ್ಗಿದೆ. ಕೆಲಸ ನೋಡಿದರೆ ಸುಲಭ. ಮೇಲಿದ್ದವರು ಪೆಡಲ್ ಒತ್ತಿ ಹಿಡಿಯಬೇಕು. ಕೆಳಗಿದ್ದವನು ಗಾಲಿಯ ಹಿಂದಿನ ಪುಟ್ಟ ಸ್ಕ್ರೂ ಸಡಿಲಿಸಿದರೆ ಎಣ್ಣೆಯ ಜೊತೆ ಗುಳ್ಳೆಗುಳ್ಳೆಯಾಗಿ ಗಾಳಿ ಬರುತ್ತದೆ. ಸ್ಕ್ರೂ ಬಿಗಿಮಾಡಿದ ಮೇಲೆ ಪೆಡಲ್ ಬಿಡಬೇಕು. ನಾಲ್ಕು ಗಾಲಿಗೂ ಹಾಗೇ ಮಾಡಿದೆ. ಪೆಡಲ್ ತುಳಿದರೆ ಹತ್ತಿಯ ದಿಂಬು ತುಳಿದಂತೆ ಮೆತ್ತಗೆ. ಇನ್ನೊಂದು ಡಬ್ಬಿ ಎಣ್ಣೆ ತಂದೆ, ಮತ್ತೆ ಮಾಡಿದೆ, ಮತ್ತೆ ದಿಂಬು. ಮೂರನೆಯ ಡಬ್ಬಿಯೂ ಮುಗಿಯಿತು.

ಸಿಟ್ಟಿನಲ್ಲಿ ಸೈಕಲ್ ತುಳಿದುಕೊಂಡು ನಾಯಂಡಹಳ್ಳಿಗೆ ಹೋಗಿ, “ಎಂಥಾ ಕಪ್ ಹಾಕಿದ್ದೀರ್ರೀ?” ಎಂದು ಕೂಗಾಡಿದೆ. ಮೇಸ್ತ್ರಿ ಎದ್ದರು. ಕೈಯಲ್ಲಿದ್ದ ಕೆಲಸ ಬಿಟ್ಟು, ತಮ್ಮ ಸೈಕಲ್ ತೆಗೆದುಕೊಂಡು ನನ್ನ ಜೊತೆಯೇ ಬಂದರು.

ಪೆಡಲನ್ನು ಒಮ್ಮೆ ಒತ್ತಿ ನೋಡಿದರು. ನಾನು, “ಮೂರು ಸಲ ಒತ್ತಿದ್ರೆ ಹಿಡಿಯುತ್ತೆ, ನಾಳೆ ಒಂದಿನ ಹೇಗೋ ತಳ್ಳಬಹುದಲ್ಲ?” ಎಂದೆ.

“ನೀವು ಮೂರು ಸಲ ಒತ್ತೋವರೆಗೂ ಅಡ್ಡ ಬಂದ ಹಸು ಕಾಯ್ಕೊಂಡು ನಿಲ್ಲುತ್ತಾ ಸ್ವಾಮಿ? ಎಲ್ಲಿ, ಇಬ್ಬರೂ ಕೂತು ಒಂದ್ಸಲ ಮಾಡಿ ತೋರಿಸಿ.”

ತಂಗಿ ಒತ್ತಿ ಹಿಡಿದಳು. ನಾನು ಸ್ಕ್ರೂ ಸಡಿಲಿಸಿ ಕೆಳಗಿನಿಂದ “ಬಿಟ್ಟೆ!” ಎಂದು ಕೂಗಿದೆ. ಮೇಸ್ತ್ರಿ ಬಿದ್ದು ಬಿದ್ದು ನಗತೊಡಗಿದರು.

“ತಾಯಿ, ಅವ್ರು ಬಿಟ್ಟೆ ಅಂದಾಗ ನೀನೇನು ಮಾಡ್ದೆ?”

“ನಾನೂ ಬಿಟ್ಟೆ. ಬಿಟ್ಟೆ ಅಂದ್ರೆ ಮುಗೀತು ಅಂತಲ್ವಾ?”

“ನಾನು ಗಾಳಿ ಬಿಟ್ಟೆ ಅಂದಿದ್ದು ಕಣೇ! ತಲೆಯೆಲ್ಲಾ ಪುಸ್ತಕದಲ್ಲಿಟ್ಕೊಂಡು ಕೂತಿದೀಯಾ.”

“ಏನನ್ನ ಬಿಟ್ಟೆ ಅಂತ ನೀನೆಲ್ಲಿ ಹೇಳ್ದೆ ಅಣ್ಣಾ? ಕರ್ಮಪದ ಇಲ್ಲದ ವಾಕ್ಯಕ್ಕೆ ನಮ್ಮ ಪಂಡಿತರು ಸೊನ್ನೆ ಕೊಡ್ತಾರೆ.”

ಸ್ಕ್ರೂ ತೆರೆದಿರುವಾಗಲೇ ಅವಳು ಕಾಲೆತ್ತುತ್ತಿದ್ದಳು. ಹೊರಗೆ ಹೋದ ಗಾಳಿ ಅದೇ ತೂತಿನಿಂದ ಒಳಗೆ ಬರುತ್ತಿತ್ತು. ಕಪ್ಪಿನಲ್ಲಿ ದೋಷವಿರಲಿಲ್ಲ, ತಂಗಿಯಲ್ಲೂ ಇರಲಿಲ್ಲ.

“ನಮ್ಮ ಶೆಡ್ಡಲ್ಲಿ ಬಾಯಲ್ಲಿ ಹೇಳೋದೇ ಇಲ್ಲ” ಎಂದು ಮೇಸ್ತ್ರಿ ಸ್ಪ್ಯಾನರಿನಿಂದ ಗಾಲಿಯ ತಗಡಿಗೆ ಬಡಿದು ತೋರಿಸಿದರು. “ಒಂದು ಏಟು ಅಂದ್ರೆ ಒತ್ತಿ ಹಿಡಿ. ಎರಡು ಅಂದ್ರೆ ಕಾಲು ತೆಗಿ. ಅಷ್ಟೇ.” ತಮ್ಮ ಚೀಲದಲ್ಲಿದ್ದ ಅರ್ಧ ಡಬ್ಬಿ ಎಣ್ಣೆ ಸುರಿದು ತಾವೇ ಕೆಳಗೆ ಮಲಗಿದರು. ಸಂಜೆ ದೀಪ ಹಚ್ಚುವ ಮುಂಚೆ ಪೆಡಲ್ ಕಲ್ಲಿನಂತಾಯಿತು. ಮೂರು ರೂಪಾಯಿ ಕೊಟ್ಟೆ. ಎಣ್ಣೆಗೆ ಕಾಸು ಬೇಡವೆಂದರು. ನನ್ನ ಜನ್ಮದಲ್ಲಿ ಚೌಕಾಸಿ ಮಾಡದೆ ಕೊಟ್ಟ ದುಡ್ಡು ಬಹಳ ಕಡಿಮೆ, ಅವತ್ತಿನದು ಅದರಲ್ಲೊಂದು.

ಮರುದಿನ ಮೈಸೂರು ರಸ್ತೆಯ ಇಳಿಜಾರಿನಲ್ಲಿ ಹುಲ್ಲಿನ ಗಾಡಿಯೊಂದು ತಟ್ಟನೆ ಅಡ್ಡ ತಿರುಗಿತು. ಒಮ್ಮೆ ತುಳಿದೆ. ವ್ಯಾನು ನಿಂತಿತು. ಹಿಂದೆ ಕೂತಿದ್ದ ಏಳು ಮಕ್ಕಳಲ್ಲಿ ಒಬ್ಬರೂ ಪುಸ್ತಕದಿಂದ ತಲೆ ಎತ್ತಲಿಲ್ಲ. ಬೈಸಿಕೊಂಡೂ ಅಷ್ಟು ದೂರ ಬಂದ ಆ ಮನುಷ್ಯನನ್ನು ಮನಸ್ಸಿನಲ್ಲೇ ನೆನೆದು ಗಾಡಿ ಮುಂದೆ ಬಿಟ್ಟೆ.

ಹೊಸ ಸಾಮಾನು ಹಾಕಿದ ಮೇಲೆ ಪೆಡಲ್ ಸರಿಯಿಲ್ಲವೆನಿಸಿದರೆ ಮೊದಲು ನಿಮ್ಮ ಕಾಲನ್ನೇ ಕೇಳಿ. ದಿಂಬಿನಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ. ಗಟ್ಟಿಯಿದ್ದೂ ತೀರ ಕೆಳಗೆ ಹೋಗಿ ಹಿಡಿದರೆ ಉಜ್ಜಿ ಗಾಲಿ ನಿಲ್ಲಿಸುವ ಬ್ರೇಕ್ ಶೂಗಳು ಗಾಲಿಯ ಡ್ರಮ್ಮಿನಿಂದ ದೂರವಿವೆ, ಹತ್ತಿರಕ್ಕೆ ಬಿಗಿ ಮಾಡಿಸಿ. ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಲೇ ಹೋದರೆ ಎಲ್ಲೋ ಎಣ್ಣೆ ಸೋರುತ್ತಿದೆ, ಗಾಡಿ ಹೊರಡಿಸಬೇಡಿ. ಗಾಳಿ ತೆಗೆಯುವಾಗ ಪೆಡಲಿಗೆ ಎಲ್ಲಕ್ಕಿಂತ ದೂರದ ಗಾಲಿಯಿಂದ ಶುರುಮಾಡಿ, ಮೇಲಿನ ಎಣ್ಣೆ ಬುಡ್ಡಿ ಬರಿದಾಗಲು ಬಿಡಬೇಡಿ, ಹೊರಗೆ ಬಂದ ಎಣ್ಣೆಯನ್ನು ಉಳಿತಾಯವೆಂದು ಮತ್ತೆ ಸುರಿಯಬೇಡಿ. ಬೆಲೆಯನ್ನು ಸಾಮಾನಿನ ಅಂಗಡಿಯಲ್ಲಿ ಎಷ್ಟಾದರೂ ಎಳೆದಾಡಿ; ಬ್ರೇಕ್ ಮುಟ್ಟುವ ಕೈಯ ಕೂಲಿಯಲ್ಲಿ ಬೇಡ. ಕೆಲಸ ಮುಗಿದ ದಿನ ಮಟ್ಟಸ ರಸ್ತೆಯಲ್ಲಿ ಖಾಲಿ ಗಾಡಿಯನ್ನು ಹತ್ತು ಸಲ ನಿಲ್ಲಿಸಿ ನೋಡಿ, ಆಮೇಲೆ ಜನ ಹತ್ತಿಸಿ.