ತಿಕ್ಕಿ ತೊಳೆದ ಮೇಣದ ಡಬ್ಬಿ

ಕಳೆದ ತಿಂಗಳು ನನ್ನ ಹೆಂಡತಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನು ಮಾಡಿದ ತಪ್ಪು ಇಷ್ಟೇ: ಅವಳ ಒಂದು ಡಬ್ಬಿ ತೊಳೆದೆ.

(ಗಂಡ ಒಂದು ಲೋಟ ತೊಳೆದಿಟ್ಟರೂ ಓಣಿಗೆಲ್ಲ ಹೇಳಿಕೊಂಡು ಬರುವ ಹೆಂಡತಿಯರಿದ್ದಾರೆ. ನನ್ನ ಪುಣ್ಯ ಅಂಥದ್ದಲ್ಲ.)

ಆದದ್ದು ಹೀಗೆ. ದೀಪಾವಳಿ ಮುಗಿದು ನಮ್ಮ ಹುಮನಾಬಾದಿಗೆ ಥಂಡಿ ಕಾಲಿಟ್ಟಿತು. ತುಟಿ ಒಡೆದವು, ಹಿಮ್ಮಡಿ ಬಿರಿದವು. ಸೀಸನ್ ಬದಲಾದರೆ ಗಂಡಸರಿಗೇನು? ಟ್ರಂಕಿನಿಂದ ಒಂದು ಕಂಬಳಿ ಹೊರಗೆ ಬಂದರೆ ಮುಗಿಯಿತು. ಹೆಂಗಸರದು ಹಾಗಲ್ಲ. ಕನ್ನಡಿ ಪೆಟ್ಟಿಗೆ ಗೂಡಿನಿಂದ ಇಳಿಯಬೇಕು. ಬೇಸಿಗೆಯ ಖಸ್ ಅತ್ತರು ಹಿಂದೆ ಸರಿದು ಹಿನಾ ಮುಂದೆ ಬರಬೇಕು. ಕಾಡಿಗೆಗೆ ಎರಡು ಹನಿ ಔಡಲೆಣ್ಣೆ ಹೆಚ್ಚು ಬೀಳಬೇಕು. ಎಲ್ಲಕ್ಕಿಂತ ಮುಖ್ಯ, ಹಣೆಯ ಮೇಣ ಬದಲಾಗಬೇಕು.

ಮೇಣ ಗೊತ್ತಲ್ಲ? ಕುಂಕುಮ ಉದುರದಂತೆ ಅದರ ಕೆಳಗೆ ಒತ್ತುವ ಜೇನುಮೇಣ. ಬೇಸಿಗೆಯದು ಗಟ್ಟಿ ಇರಬೇಕು, ಇಲ್ಲದಿದ್ದರೆ ಬೆವರಿಗೆ ಕರಗಿ ಕುಂಕುಮ ಮೂಗಿನ ಮೇಲೆ ಇಳಿಯುತ್ತದೆ. ಚಳಿಗಾಲದ್ದು ಮಿದುವಾಗಿರಬೇಕು, ಇಲ್ಲದಿದ್ದರೆ ಹಣೆಗೆ ಹತ್ತುವುದೇ ಇಲ್ಲ. ಇಷ್ಟು ಶಾಸ್ತ್ರ ನನಗೆ ಗೊತ್ತಿತ್ತು. ಇಷ್ಟೇ ಗೊತ್ತಿತ್ತು ಎಂಬುದೇ ತೊಂದರೆ.

ನೀಲಮ್ಮ ಪೆಟ್ಟಿಗೆ ತೆರೆದು, ನೋಡಿ, ಮುಚ್ಚಿಟ್ಟು ನಿಟ್ಟುಸಿರು ಬಿಟ್ಟಳು. ನನಗೊಂದು ಐಡಿಯಾ ಹೊಳೆಯಿತು. ಶಾಲೆಯಿಂದ ಬರುವಾಗ ಬಜಾರಿಗೆ ಹೋಗಿ ಮುಖಕ್ಕೆ ಹಚ್ಚುವ ಒಂದು ಸ್ನೋ ಬಾಟ್ಲಿ, ಒಂದು ಪೌಡರ್ ಡಬ್ಬಿ, ಒಂದು ಬಿಲ್ಲೆ ಮೇಣ ತಂದೆ. ಅವಳು ನೀರಿಗೆ ಹೋದ ಹೊತ್ತು ನೋಡಿ ಪೆಟ್ಟಿಗೆ ಬಿಚ್ಚಿದೆ. ಹಿತ್ತಾಳೆಯ ಮೇಣದ ಡಬ್ಬಿ ಕಪ್ಪುಗಟ್ಟಿತ್ತು. ತಳದಲ್ಲಿ ಬಟಾಣಿ ಕಾಳಿನಷ್ಟು ಏನೋ ಒಣಗಿ ಅಂಟಿತ್ತು. ಕುದಿಯುವ ನೀರು ಸುರಿದೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಡಬ್ಬಿ ಬಂಗಾರದ ಹಾಗೆ ಹೊಳೆಯಿತು. ಹೊಸ ಮೇಣ ತುಂಬಿಟ್ಟು, ಹೊಗಳಿಕೆಗೆ ಕಾಯುತ್ತ ಕೂತೆ.

ಅವಳು ಬಂದಳು. ಮುಚ್ಚಳ ತೆರೆದಳು.

"ಇದರಾಗಿಂದು ಏನ್ ಮಾಡಿದ್ರಿ?"

"ಯಾವುದು, ಆ ಕರ್ರಗಿಂದು? ಬಚ್ಚಲಕ್ಕ ಚೆಲ್ಲಿದೆ. ಎಷ್ಟ ವರ್ಷದ್ದೋ ಏನೋ!"

"ಅದು ನಮ್ಮವ್ವಂದಿತ್ರಿ."

ಅಷ್ಟೇ. ಆಮೇಲೆ ಮೂರು ದಿನ ನಮ್ಮ ಮನೆಯಲ್ಲಿ ಮಾತಾಡಿದ್ದು ಪಾತ್ರೆಗಳು ಮಾತ್ರ. ಅವೂ ಸಿಟ್ಟಿನಲ್ಲೇ ಇದ್ದವು.

ನಾಲ್ಕನೆಯ ದಿನ ಅವಳು ಹೇಳಿದ್ದನ್ನು ಕೇಳಿ ನನ್ನ ಮಾಸ್ತರಿಕೆಯ ಜಂಬ ಇಳಿಯಿತು. ಮೇಣದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಬಾರದಂತೆ. ಕಡೆಯ ಒಂದು ಕಾಳು ಉಳಿಸಿ, ಅದನ್ನು ಹೊಸ ಮೇಣಕ್ಕೆ ಸೇರಿಸಬೇಕಂತೆ. ಮೊಸರಿಗೆ ಹೆಪ್ಪು ಇದ್ದ ಹಾಗೆ. ಮಗಳ ಮದುವೆಯಲ್ಲಿ ತಾಯಿ ತನ್ನ ಡಬ್ಬಿಯಿಂದ ಒಂದು ಕಾಳು ತೆಗೆದು ಮಗಳ ಡಬ್ಬಿ ಶುರು ಮಾಡುತ್ತಾಳೆ. ತಾಯಿಗೆ ಅವಳ ತಾಯಿ. ಹೀಗೆ ಎಷ್ಟು ತಲೆಮಾರೋ, ಎಷ್ಟು ಹಣೆಯೋ! ಅದನ್ನೆಲ್ಲ ನಾನು ಒಂದು ಚೊಂಬು ಬಿಸಿನೀರಿನಲ್ಲಿ ಮುಗಿಸಿದ್ದೆ.

ನಮ್ಮ ಮದುವೆಯಾದದ್ದು ನಲವತ್ತೇಳರಲ್ಲಿ. ಆಗ ನಾನು ಅವಳ ತವರೂರಿನಲ್ಲೇ ಮಾಸ್ತರ. ಸರ್ಕಾರಿ ಕಾಗದದಲ್ಲಿ ಅದು ಕಲ್ಯಾಣಿ, ನಮ್ಮ ಬಾಯಲ್ಲಿ ಬಸವಣ್ಣನ ಕಲ್ಯಾಣ. ಮೂರೇ ವರ್ಷದ ಹಿಂದಿನ ಮಾತು, ಆದರೆ ಯಾವುದೋ ಹಿಂದಿನ ಜನ್ಮದ್ದು ಅನ್ನಿಸುತ್ತದೆ. ವರ್ಷಕ್ಕೆ ಮೂರು ಸಲ, ಬಿಸಿಲಿಗೆ, ಮಳೆಗೆ, ಥಂಡಿಗೆ, ಕಿಲ್ಲೆಯ ಹತ್ತಿರದ ಓಣಿಯಿಂದ ಮೇಣದ ಖಾಲಾ ಬರುತ್ತಿದ್ದಳು. ತೆಳ್ಳಗಿನ ಮುಸಲ್ಮಾನ ಮುದುಕಿ, ಊರಿಗೆಲ್ಲ ಚಿಕ್ಕಮ್ಮ. ಬಗಲಲ್ಲಿ ಬಟ್ಟೆ ಸುತ್ತಿದ ಒಂದು ಗಡಿಗೆ. ಅತ್ತೆಯ ಮನೆಯ ಕಟ್ಟೆಯ ಮೇಲೆ ಅವಳು ಕೂತಳೆಂದರೆ ಅಕ್ಕಪಕ್ಕದ ಹತ್ತು ಮನೆಯ ಹೆಂಗಸರು ಡಬ್ಬಿ ಹಿಡಿದು ನೆರೆಯುತ್ತಿದ್ದರು. ಖಾಲಾ ಪ್ರತಿಯೊಬ್ಬಳ ಹಣೆಯನ್ನೂ ಹೆಬ್ಬೆರಳಿನಿಂದ ಒರೆಸಿ ನೋಡುವಳು. "ನಿಂದು ಸೂಕಾ ಚಮಡಾ, ನಿನಗ ಎಣ್ಣಿ ಜಾಸ್ತಿ ಬೇಕು." "ನಿನಗ ಬ್ಯಾಡ, ನಿನ್ನ ಹಣಿಮ್ಯಾಲೆ ಭಜಿ ಕರೀಬಹುದು." ನಗೆಯೋ ನಗೆ! ಗಂಡಸರಿಗೆ ಆ ಹೊತ್ತು ಕಟ್ಟೆಯ ಹತ್ತಿರ ಪ್ರವೇಶವಿರಲಿಲ್ಲ. ನಾನು ಒಳಗೆ ಪೇಪರು ಓದುವ ನಾಟಕ ಮಾಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಹಿನಾದ ವಾಸನೆ ಒಳಗಿನ ಕೋಣೆಯವರೆಗೆ ಬರುತ್ತಿತ್ತು. ಆ ದಿನಗಳು ನನಗೆ ಬೇಕು. ಇದನ್ನು ಹೇಳಿಕೊಳ್ಳಲು ನಾಚಿಕೆಯೇನು?

ನಲವತ್ತೆಂಟರ ಬೇಸಿಗೆಯಲ್ಲಿ ಖಾಲಾ ಬಂದು ಹೋದಳು. ಅದೇ ಕಡೆಯದು. ಗೋರ್ಟಾದ ಕೊಲೆಗಳ ಸುದ್ದಿ ಬಂದ ಮೇಲೆ ನಾವೆಲ್ಲ ನಿಜಾಮನ ರಜಾಕಾರರಿಗೆ ಹೆದರಿ ಗಾಡಿ ಹೂಡಿ ಸೊಲ್ಲಾಪುರದ ಕಡೆ ಹೋದೆವು. ಅತ್ತೆ ಅಲ್ಲೇ, ಮಳೆಗಾಲದಲ್ಲಿ, ಜ್ವರದಿಂದ ತೀರಿಕೊಂಡರು. ಅವರ ಸಾಮಾನೆಲ್ಲ ಕಲ್ಯಾಣದಲ್ಲೇ ಹೋಯಿತು. ನೀಲಮ್ಮನ ಕೈಯಲ್ಲಿ ಉಳಿದದ್ದು ತಾಯಿ ಶುರು ಮಾಡಿಕೊಟ್ಟಿದ್ದ ಆ ಡಬ್ಬಿ. ಆಮೇಲೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ನಾವು ತಿರುಗಿ ಬಂದೆವು, ನನಗೆ ಹುಮನಾಬಾದಿಗೆ ವರ್ಗವಾಯಿತು. ಖಾಲಾನ ಮೇಣ ಸಿಗದೆ ಎರಡೂವರೆ ವರ್ಷ ಅವಳು ಬರೀ ಎಣ್ಣೆಯ ಮೇಲೆ ಕುಂಕುಮ ಹಚ್ಚಿಕೊಂಡು, ಆ ಒಂದು ಕಾಳನ್ನು ಹಾಗೆಯೇ ಉಳಿಸಿದ್ದಳು. ಕುಂಕುಮ ಮಧ್ಯಾಹ್ನಕ್ಕೇ ಉದುರುವುದನ್ನು ನಾನು ದಿನಾ ನೋಡುತ್ತಿದ್ದೆ. ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಆ ಆದಿತ್ಯವಾರ ಬಜಾರಿನ ಮೇಣ ತೆಗೆದುಹಾಕಿ, ತೊಳೆದ ಡಬ್ಬಿಯನ್ನು ಜೇಬಿನಲ್ಲಿಟ್ಟು, ಖಾಲಾನನ್ನು ಹುಡುಕಿಕೊಂಡು ಕಲ್ಯಾಣಕ್ಕೆ ಹೊರಟೆ.

"ನೀನೂ ಬಾ" ಎಂದೆ ನೀಲಮ್ಮನಿಗೆ.

"ಯಾವ ಮಾರಿ ಹೊತ್ಕೊಂಡು ಬರ್ಲಿ? ಅಕಿ ಅದಾಳೋ ಇಲ್ಲೋ ಅಂತನೂ ನಾ ಕೇಳ್ಲಿಲ್ಲ" ಎಂದಳು.

ಬಸ್ಸು ರಾಜೇಶ್ವರ ದಾಟುವವರೆಗೆ ಧೈರ್ಯವಿತ್ತು. ಆಮೇಲೆ ಅದೂ ಇಳಿದುಹೋಯಿತು. ಖಾಲಾ ಇದ್ದಾಳೆಯೇ? ಇದ್ದರೆ ಬಾಗಿಲು ತೆಗೆಯುತ್ತಾಳೆಯೇ? ಮೊದಲು ನಾವು ಹೆದರಿ ಓಡಿದೆವು, ನಿಜ. ಆದರೆ ಆಕ್ಷನ್ ಆದ ಮೇಲೆ ಹೆದರುವ ಸರದಿ ಅವರದಾಯಿತು. ಆಗ ನಮ್ಮಲ್ಲಿ ಯಾರಾದರೂ ಹೋಗಿ ಅವಳನ್ನು ವಿಚಾರಿಸಿದ್ದರೇ?

ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಖಾಲಾನ ಬಾಗಿಲು ತಟ್ಟಿದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

"ಯಾರ್ರಿ?"

"ನಾನ್ರಿ ಖಾಲಾ, ನೀಲಮ್ಮನ ಮನಿಯಾಂವ. ಮಾಸ್ತರ."

ಬಾಗಿಲು ಒಂದು ಗೇಣು ತೆರೆಯಿತು.

"ಮಾಸ್ತರ ಸಾಬ್! ನೀಲು ಜೀವಂತ ಅದಾಳೇನ್ರಿ?"

ಅದು ಅವಳ ಮೊದಲ ಪ್ರಶ್ನೆ. ಹುಮನಾಬಾದಿನಲ್ಲಿ ಆರಾಮವಾಗಿದ್ದಾಳೆ ಎಂದೆ. ಅತ್ತೆ ಹೋದದ್ದನ್ನು ಹೇಳಿದೆ. ಖಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆಕ್ಷನ್ ಆದಾಗ ಹೋದ ನನ್ನ ಸಣ್ಣ ಮಗನೂ ತಿರುಗಿ ಬರ್ಲಿಲ್ರಿ" ಎಂದಳು. 

ಕೊನೆಗೆ ಡಬ್ಬಿ ತೆಗೆದು ಮುಂದಿಟ್ಟೆ. ನಡೆದದ್ದನ್ನು ಒಪ್ಪಿಕೊಂಡೆ. ಖಾಲಾ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನನ್ನನ್ನು ನೋಡಿದಳು. ಬೊಚ್ಚುಬಾಯಿ ಬಿಟ್ಟು ನಕ್ಕೇಬಿಟ್ಟಳು.

"ಭಾಳ ಚಲೋ ತಿಕ್ಕೀರಿ. ನಮ್ಮನ್ಯಾಗೂ ನಾಕು ತಪೇಲಿ ಅದಾವ, ತಿಕ್ಕಿ ಹೋಗ್ರಿ."

ಎದ್ದು ಹೋಗಿ ಗಡಿಗೆ ತಂದಳು. ಬಟ್ಟೆ ಬಿಚ್ಚಿದೊಡನೆ ಹಿನಾದ ವಾಸನೆ ಕೋಣೆ ತುಂಬಿತು. ಒಳಗೆ ಮೇಣ, ಮಿದುವಾಗಿ, ಥಂಡಿಗೆ ಹದವಾಗಿ.

"ಮಾಸ್ತರ ಸಾಬ್, ಮನಿಗೊಂದು ಗಡಿಗಿ ನಾ ಎಲ್ಲಿಂದ ತರ್ಲಿ? ಎಲ್ಲಾರ ಕಾಳೂ ಇದರಾಗೇ ಹಾಕ್ತಿದ್ದೆ, ಇದರಾಗಿಂದೇ ತೆಗದು ಕೊಡ್ತಿದ್ದೆ. ಇದರ ತಳಾ ನಾ ಎಂದೂ ಕಂಡಿಲ್ಲ. ನಿಮ್ಮ ಅತ್ತಿದೂ ಇದರಾಗ ಅದ. ಅಕಿ ಅವ್ವಂದೂ ಅದ."

ನಾನು ಬೆಪ್ಪಾದೆ. ಎಲ್ಲರದೂ ಎಂದರೆ ಎಲ್ಲರದೂ! ಗೌಡರ ಮನೆಯದು, ಕುಂಬಾರರ ಮನೆಯದು, ಊರ ಹೊರಗಿನ ಕೇರಿಯದು. ಒಬ್ಬರ ಬಾವಿಯಲ್ಲಿ ಇನ್ನೊಬ್ಬರ ಕೊಡ ಇಳಿಯಬಾರದು ಎನ್ನುವ ನಮ್ಮ ಊರಿನ ಹಣೆಗಳೆಲ್ಲ ಒಂದೇ ಗಡಿಗೆಯ ಮೇಣ ಹಚ್ಚಿಕೊಂಡು ಹಬ್ಬ ಮಾಡಿದ್ದವು. ಅದೂ ತಾನು ಎಂದೂ ಕುಂಕುಮ ಇಡದವಳ ಕೈಯಿಂದ. (ನಮ್ಮ ಮಡಿಯ ಹಿರಿಯರು ಈ ವಾರದ ಅಂಕಣ ಓದದಿದ್ದರೆ ಒಳ್ಳೆಯದು.)

"ಆಕ್ಷನ್ ಆದಾಗ ಇದನ್ನ ಬಗಲಾಗ ಹಿಡಕೊಂಡೇ ಮಗಳ ಮನಿಗೆ ಹೋದೆ. ಮಗಳು ಬೈದಳು, ಬಂಗಾರ ಬಿಟ್ಟು ಮ್ಯಾಣ ತಂದೀದಿ ಅಂತ" ಎಂದಳು ಖಾಲಾ.

ನನಗೆ ಒಂದು ತಿಳಿಯಲಿಲ್ಲ. ಎರಡೂವರೆ ವರ್ಷದ ಹಳೆಯ ಮೇಣ ಹೀಗೆ ಮಿದುವಾಗಿರಲು ಹೇಗೆ ಸಾಧ್ಯ? ಕಡೆಯ ಸಲ ಅವಳು ಮಾಡಿದ್ದು ಬೇಸಿಗೆಯ ಗಟ್ಟಿ ಮೇಣವಲ್ಲವೇ?

"ಹವಾ ಬದಲಾಗ್ತದಲ್ರಿ" ಎಂದಳು. "ಪ್ರತಿ ಸಲ ಕಾಸಿ, ಸೋಸಿ, ಎಣ್ಣಿ ನೋಡಿ ಹಾಕ್ತೀನಿ. ಈಗ ಎಂಟು ಸಲ ಆತು."

"ಯಾರೂ ಬರ್ಲಿಲ್ಲಲ್ಲ ಖಾಲಾ, ಯಾರಿಗಂತ ಮಾಡಿದ್ರಿ?"

"ಯಾರರ ಬಂದ್ರ?"

ಡಬ್ಬಿಯನ್ನು ತುಂಬಿಕೊಡಿ ಎಂದು ಚಾಚಿದೆ. ಕೊಡಲಿಲ್ಲ. "ಹಣಿ ನೋಡದ ನಾ ಮ್ಯಾಣ ಕೊಡೂದಿಲ್ಲ. ಅಕಿನ್ನ ಕರ್ಕೊಂಡು ಬರ್ರಿ" ಎಂದು ಗಡಿಗೆಗೆ ಮತ್ತೆ ಬಟ್ಟೆ ಸುತ್ತಿಟ್ಟಳು.

ಮರುವಾರ ನೀಲಮ್ಮ ಬಂದಳು. ಹೊಸ್ತಿಲಲ್ಲೇ ಅಳು. ಖಾಲಾ ಬೈದಳು. "ಅತ್ರ ಹಣಿ ಹ್ಯಾಂಗ ನೋಡ್ಲಿ? ಕೂಡು ಇಲ್ಲಿ." ಹೆಬ್ಬೆರಳಿನಿಂದ ಹಣೆ ಒರೆಸಿದಳು. "ನಿಮ್ಮವ್ವನ ಹಂಗ ಸೂಕಾ ಚಮಡಾ" ಎಂದಳು. ಗಡಿಗೆಯಿಂದ ಒಂದು ಕಾಳು ತೆಗೆದು ಎರಡು ಹುಬ್ಬಿನ ನಡುವೆ ಒತ್ತಿದಳು. ನೀಲಮ್ಮ ಕನ್ನಡಿ ಇಲ್ಲದೆಯೇ ಕುಂಕುಮ ಹಚ್ಚಿಕೊಂಡಳು. ಬಸ್ಸಿನ ಕುಲುಕಾಟಕ್ಕೂ, ದಾರಿಯುದ್ದದ ಅವಳ ಅಳುವಿಗೂ ಅದು ಉದುರಲಿಲ್ಲ.

ಸ್ನೋ ಬಾಟ್ಲಿ ಇನ್ನೂ ಗೂಡಿನಲ್ಲಿದೆ. ಒಡೆದ ಹಿಮ್ಮಡಿಗೆ ನಾನೇ ಹಚ್ಚಿಕೊಳ್ಳುತ್ತಿದ್ದೇನೆ.

ಹುಮನಾಬಾದಿನಿಂದ ಕಲ್ಯಾಣಕ್ಕೆ ದಿನಾ ಬಸ್ಸಿದೆ. ಅದನ್ನು ಹತ್ತಲು ನಾನೊಂದು ಡಬ್ಬಿ ತೊಳೆಯಬೇಕಾಯಿತೇ?