ಜೇಬಿನ ಬಿಸಿಗೆ ಹಸಿರಾದ ಹರಳು

ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳು. ಅವಳ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು, ರಾಸಾಯನಿಕ ಮಾರುವವನು ನಾನೇ. ಅಲ್ಲಿ ಅವಳು ಸಿಟ್ಟನ್ನು ವರ್ಷಗಟ್ಟಲೆ ನುಂಗಿಕೊಂಡದ್ದನ್ನು ಕಂಡಿದ್ದೇನೆ.

ಅವಳು ಬೆಳೆಸುವ ಹರಳಿಗೆ ಪೆರೋವ್‌ಸ್ಕೈಟ್ ಎನ್ನುತ್ತಾರೆ. ಸೀಸ ಮತ್ತು ಅಯೋಡಿನ್‌ನ ಒಂದು ಪದರ, ಉದ್ದ ಬಾಲದ ಸಾವಯವ ಅಣುಗಳ ಇನ್ನೊಂದು ಪದರ, ಹೀಗೆ ಒಂದರ ಮೇಲೊಂದು. ತಣ್ಣಗಿದ್ದಾಗ ಬಾಲಗಳು ಸೆಟೆದು ನಿಂತಿರುತ್ತವೆ. ನೇರಳಾತೀತ ದೀಪ ಹಿಡಿದರೆ ಹರಳು ನೀಲಿಯಾಗಿ ಹೊಳೆಯುತ್ತದೆ. ಬೆಚ್ಚಗಾದರೆ ಬಾಲಗಳು ಸಡಿಲಗೊಂಡು, ಪದರಗಳ ಓರೆ ಬದಲಾಗಿ, ಅದೇ ಹರಳು ಹಸಿರು ಬೆಳಕು ಕೊಡುತ್ತದೆ. ಇದನ್ನು ಕಂಡುಕೊಂಡವಳು ಅಕ್ಕ. ನಾನು ಮಾಲು ತಲುಪಿಸಲು ಹೋಗಿದ್ದ ಒಂದು ದಿನ ಅದನ್ನು ನೋಡಲು ಹೊರಗಿನಿಂದ ಪರಿಶೀಲಕರು ಬಂದಿದ್ದರು. ಅವರು ಒಪ್ಪಿದರೆ ಅವಳ ಹುದ್ದೆ ಕಾಯಂ, ಇಲ್ಲದಿದ್ದರೆ ಮನೆ.

ಅವಳ ಮುಖ್ಯಸ್ಥರು ಫ್ರಿಜ್ಜಿನಿಂದ ಹರಳಿದ್ದ ಗಾಜಿನ ಕೊಳವೆ ತೆಗೆದು, ಕೋಟಿನ ಒಳಜೇಬಿಗೆ ಇಳಿಸಿ, ಅತಿಥಿಗಳಿಗೆ ಇಡೀ ಕಟ್ಟಡ ತೋರಿಸಿ, ಚಹಾ ಕುಡಿಸಿ ಕರೆತಂದರು. ದೀಪ ಹಿಡಿದರು. ಹಸಿರು.

"ಏನಮ್ಮಾ, ನೀಲಿ ಅಂತ ಬರ್ದಿದ್ದೀಯ?" ಎಂದವರು ನನ್ನತ್ತ ಬೊಟ್ಟು ಮಾಡಿದರು. "ಇವನ ಕಲಬೆರಕೆ ಮಾಲು. ತಮ್ಮ ಅಂತ ಇವನ ಹತ್ರಾನೇ ತರಿಸ್ತಾಳೆ."

ಗಿರಾಕಿಯ ಜೊತೆ ಜಗಳ ಆಡುವಂತಿಲ್ಲ ಎಂದು ನಾನು ಬಿಲ್ಲು ಮಡಚಿಟ್ಟುಕೊಂಡೆ. ಅಕ್ಕ ಬಿಡಲಿಲ್ಲ.

"ಜೇಬಲ್ಲಿ ಇಟ್ಕೊಂಡಿದ್ರಾ ಸರ್? ಮೈ ಬಿಸಿಗೆ ಒಳಗಿನ ಜೋಡಣೆ ಬದಲಾಗಿದೆ. ನನ್ನ ಕೆಲಸಾನೇ ಅದು."

ಮುಖ್ಯಸ್ಥರ ಕಣ್ಣಿನಲ್ಲಿ ಲೆಕ್ಕಾಚಾರ ಓಡಿತು. ಅಂಗಡಿಯಲ್ಲಿ ನಾನು ದಿನಾ ನೋಡುವಂಥದ್ದೇ. "ನೋಡಿದ್ರಾ, ಬೇಕೂಂತಲೇ ಹಾಗ್ಮಾಡ್ದೆ," ಎಂದು ಅತಿಥಿಗಳತ್ತ ನಕ್ಕರು. "ವಿಚಾರ ನನಗೆ ಹೊಳೆದದ್ದು. ಈ ಹುಡುಗಿ ಅಳತೆ ತಗೊಂಡ್ಳು ಅಷ್ಟೆ."

ಹುಡುಗಿಯ ತಲೆ ಅರ್ಧ ನರೆತಿದೆ. ಅವಳ ಕಿವಿ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ. "ಹಾಗಾದ್ರೆ ಮತ್ತೆ ನೀಲಿ ಮಾಡಿ ತೋರ್ಸಿ, ಸರ್."

ಅವರು ಕೊಳವೆಯನ್ನು ಎ.ಸಿ. ಗಾಳಿಗೆ ಹಿಡಿದರು. ಹಸಿರು. ಮಗುವಿನ ಹಾಲು ಆರಿಸುವಂತೆ ಊದಿದರು. ಹಸಿರು. ಒಮ್ಮೆ ಸಡಿಲಾದ ಬಾಲಗಳು ಕೋಣೆಯ ತಂಪಿಗೆಲ್ಲ ಸೊಪ್ಪು ಹಾಕುವುದಿಲ್ಲ, ಇನ್ನೂ ಕೊರೆಯುವ ಚಳಿ ಬೇಕು. ಅಕ್ಕ ಅದನ್ನು ಹೇಳುವಾಗಲೆಲ್ಲ ಇವರು ಫೋನಿನಲ್ಲಿರುತ್ತಿದ್ದರು.

"ನೀವೇ ತೋರಿಸಿಯಮ್ಮ," ಎಂದರು ಪರಿಶೀಲಕರಲ್ಲಿ ಹಿರಿಯ ಹೆಂಗಸು.

ಅಕ್ಕ ಕೈಕಟ್ಟಿದಳು. "ತೋರಿಸ್ತೀನಿ ಮೇಡಂ. ಮೊದಲು ಇದು ಯಾರ ಕೆಲಸ ಅಂತ ಸರ್ ಇನ್ನೊಂದ್ಸಲ ಹೇಳ್ಲಿ. ತಮ್ಮನ ಮಾಲು ಕಲಬೆರಕೆ ಅಲ್ಲ ಅಂತಾನೂ."

ಮುಖ್ಯಸ್ಥರು ಎ.ಸಿ. ಕೆಳಗೇ ಬೆವರಿದರು. "ಅವಳದ್ದೇ."

"ಯಾರದ್ದು ಸರ್?"

"ನಿಮ್ಮದೇ ಕಣಮ್ಮಾ, ಪೂರ್ತಿ ನಿಮ್ಮದು. ಮಾಲೂ ಸರಿಯಿದೆ."

ಅಕ್ಕ ನನ್ನತ್ತ ತಿರುಗಿದಳು. "ಹಲ್ಲು ಕಿರೀತಾ ನಿಂತಿದ್ದೀಯಲ್ಲೋ, ಐಸ್ ತಗೊಂಡ್ಬಾ. ಉಪ್ಪೂ."

ಉಪ್ಪು ಬೆರೆಸಿದ ಐಸಿನಲ್ಲಿ ಹರಳು ನೋಡನೋಡುತ್ತಲೇ ನೀಲಿಯಾಯಿತು. ಮೇಡಂ ಆಮೇಲೆ ಪ್ರಶ್ನೆ ಕೇಳಿದ್ದೆಲ್ಲ ಅಕ್ಕನನ್ನೇ. ಹುದ್ದೆ ಕಾಯಂ ಎಂಬ ಮಾತನ್ನೂ ಅವಳ ಹತ್ತಿರವೇ ಆಡಿ ಮುಗಿಸಿದರು. ಹೊರಡುವಾಗ ಮುಖ್ಯಸ್ಥರು ಅಭ್ಯಾಸಬಲದಿಂದ ಕೊಳವೆಗೆ ಕೈ ಚಾಚಿದರು.

"ಜೇಬಿಗೆ ಬೇಡ ಸರ್," ಎಂದು ಅಕ್ಕ ಅದನ್ನು ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿದಳು.