ಸುಂದರಿ ಕಣದಿಂದ ಇಳಿದದ್ದು

ಒಮಾನಿನ ರುಸ್ತಾಕ್ ಕೋಟೆಯ ಹಿಂದಿನ ಬೀದಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಯೊಂದಿದೆ. ಹೆಸರು ಕಫೀಲನದ್ದು, ಅಂದರೆ ಜಾಮೀನು ನಿಂತ ಒಮಾನಿಯದ್ದು; ಕತ್ತರಿ ಸುಂದರಿಯದ್ದು. ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಊರಿನ ರವಿಕೆಯಿಂದ ಹಿಡಿದು ಒಮಾನಿ ಮದುಮಗಳ ಜರಿಯ ಉಡುಪಿನವರೆಗೆ ಏನು ಬೇಕಾದರೂ ಹೊಲಿಯುತ್ತಾಳೆ. ಅವಳಿಂದಾಗದ ಕೆಲಸ ಒಂದೇ, ಹಿಡಿದದ್ದನ್ನು ಅರ್ಧಕ್ಕೆ ಬಿಡುವುದು. ಸಿನಿಮಾ ಎಷ್ಟೇ ಕೆಟ್ಟದಿರಲಿ, ಪರದೆಯ ಮೇಲೆ ಲೈಟ್‌ಬಾಯ್‌ಗಳ ಹೆಸರು ಮುಗಿಯುವ ತನಕ ಏಳುವವಳಲ್ಲ. ಒಮ್ಮೆ ನಿಜ್ವಾಕ್ಕೆಂದು ಹೊರಟು ದಾರಿ ತಪ್ಪಿದಾಗ ಗಂಡ ಬೋಜ ಕಾರು ತಿರುಗಿಸುವ ಎಂದ. ಇಷ್ಟು ಬಂದಾಯಿತಲ್ಲ, ಇನ್ನು ಸ್ವಲ್ಪ ನೋಡುವ ಎಂದು ಸುಂದರಿ ಹೇಳುತ್ತಲೇ ಇದ್ದಳು. ಇಬ್ಬರೂ ಮಧ್ಯಾಹ್ನದ ಊಟ ಮಾಡಿದ್ದು ಎಲ್ಲೋ ದೂರದ ಇಬ್ರಿಯಲ್ಲಿ.

ಇಂಥವಳು ಮೊನ್ನೆ ಮೊನ್ನೆ ಕನ್ನಡಿಗರ ಕೂಟದ ಅಧ್ಯಕ್ಷ ಸ್ಥಾನಕ್ಕೆ ನಿಂತಳು.

ಆ ಕೂಟದ ಎಲ್ಲಾ ಕಾರ್ಯಕ್ರಮಗಳೂ ಮಸ್ಕತ್ತಿನಲ್ಲೇ ಆಗುತ್ತಿದ್ದವು. ರುಸ್ತಾಕಿನವರು ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಊಟದ ಸರದಿ ಬರುವಾಗ ಪಾಯಸ ಮುಗಿದಿದೆ ಎಂಬ ಸುದ್ದಿ ಕೇಳಿ ವಾಪಸಾಗುವುದು ವಾಡಿಕೆ. ವರ್ಷಕ್ಕೊಂದಾದರೂ ಕಾರ್ಯಕ್ರಮ ಈ ಕಡೆ ಆಗಬೇಕು ಎಂದು ಸುಂದರಿ ಆರು ವರ್ಷ ಅರ್ಜಿ ಕೊಟ್ಟಳು. ಏಳನೆಯ ವರ್ಷ ಅರ್ಜಿಯ ಬದಲು ನಾಮಪತ್ರ ಕೊಟ್ಟಳು.

ಆ ಸಲ ನಿಯಮವೂ ಹೊಸತು. ಹಿಂದೆಲ್ಲ ಮಸ್ಕತ್ತಿನ ಮತ್ರಾದ ನಾಲ್ವರು ಹಿರಿಯರು ಚಹಾ ಕುಡಿಯುತ್ತ ಅಧ್ಯಕ್ಷರನ್ನು ಆರಿಸಿಬಿಡುತ್ತಿದ್ದರು. ಅದು ಸರಿಯಲ್ಲವೆಂದು ಗಲಾಟೆಯಾದ ಮೇಲೆ, ಮೂರು ಶುಕ್ರವಾರ ಮೂರು ಕಡೆ ಮತದಾನ ಎಂದಾಯಿತು. ಮೊದಲು ರುಸ್ತಾಕ್, ಆಮೇಲೆ ಮಸ್ಕತ್ತಿನ ಪಕ್ಕದ ಅಲ್ ಅಮೇರಾತ್, ಕೊನೆಗೆ ಮತ್ರಾ. ಮೂರೂ ಕಡೆಯ ಓಟು ಸೇರಿಸಿ ಹೆಚ್ಚು ಬಂದವರು ಗೆದ್ದಂತೆ.

ನಿಂತವರು ನಾಲ್ವರು. ಮೈಸೂರು ಕಡೆಯ ಇಂಜಿನಿಯರ್ ಚಲುವರಾಜು, ಮೈಕು ಕಂಡರೆ ಮುಖ ಅರಳುವ ಮನುಷ್ಯ. ಅಲ್ ಅಮೇರಾತ್‌ನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಮಂಗಳೂರಿನ ಗ್ರೆಟ್ಟಾ. ಬೋಜನ ಜೊತೆ ಗೋದಾಮಿನಲ್ಲಿ ಕೆಲಸ ಮಾಡುವ ಲಕ್ಷಿತ್. ಮತ್ತೆ ಸುಂದರಿ.

ಮೊದಲ ಶುಕ್ರವಾರ ರುಸ್ತಾಕಿನ ಇಪ್ಪತ್ನಾಲ್ಕು ಓಟುಗಳಲ್ಲಿ ಹದಿನಾಲ್ಕು ಸುಂದರಿಗೆ ಬಿದ್ದವು. ಚಲುವರಾಜುಗೆ ಐದು, ಗ್ರೆಟ್ಟಾಗೆ ನಾಲ್ಕು, ಲಕ್ಷಿತ್‌ಗೆ ಒಂದು. ಲಕ್ಷಿತ್ ಅವತ್ತೇ ಕೆಲಸದ ಒತ್ತಡದಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ವಾಟ್ಸ್ಯಾಪಿನಲ್ಲಿ ಕೈಮುಗಿದ. ಮನೆಗೆ ಬಂದ ಮೇಲೆ ಸುಂದರಿಗೆ ಅನುಮಾನ. ಲಕ್ಷಿತ್ ಇರುವುದು ಸೊಹಾರ್ ರಸ್ತೆಯ ಕ್ಯಾಂಪಿನಲ್ಲಿ, ಅವನ ಸ್ವಂತ ಓಟೇ ಇಲ್ಲಿಲ್ಲ. ಹಾಗಾದರೆ ಆ ಒಂದು ಓಟು ಯಾರದು? ಬೋಜ ಮೀನಿನ ಮುಳ್ಳು ಬಿಡಿಸುವುದರಲ್ಲಿ ಬಹಳ ಗಮನ ಇಟ್ಟಿದ್ದ.

"ನೀನು ನಿಲ್ಲುವ ಮೊದಲೇ ಅವನಿಗೆ ಮಾತು ಕೊಟ್ಟಾಗಿತ್ತು ಮಾರಾಯ್ತಿ" ಎಂದ ಕೊನೆಗೆ.

ಸುಂದರಿ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಮಾತಿಗೆ ತಪ್ಪುವ ಗಂಡನಿಗಿಂತ ಇದೇ ವಾಸಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎರಡನೆಯ ಶುಕ್ರವಾರ ಅಲ್ ಅಮೇರಾತ್‌ನಲ್ಲಿ ಅರವತ್ತು ಓಟು. ಚಲುವರಾಜುಗೆ ಮೂವತ್ತೊಂದು, ಗ್ರೆಟ್ಟಾಗೆ ಇಪ್ಪತ್ತೈದು. ಸುಂದರಿಗೆ ನಾಲ್ಕು. ಎಣಿಸುವವರು ಪಾಪ ಮರ್ಯಾದೆಗೆ ಇನ್ನೊಮ್ಮೆ ಎಣಿಸಿದರು. ನಾಲ್ಕೇ.

ಆ ವಾರವೆಲ್ಲ ಸುಂದರಿಗೆ ಬಂದದ್ದು ಬುದ್ಧಿಮಾತು. ಮರ್ಯಾದೆ ಇರುವಾಗಲೇ ಇಳಿ ಎಂದ ಬೋಜ. ಹನ್ನೆರಡನೆಯ ಕ್ಲಾಸಿನ ಮಗಳು ನಿಶ್ಮಿತಾ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿ ತೋರಿಸಿದಳು. ಮತ್ರಾದಲ್ಲಿ ತೊಂಬತ್ತು ಓಟು. ಅಮ್ಮ ಖಂಡಿತ ಗೆಲ್ಲಬೇಕಾದರೆ ಅದರಲ್ಲಿ ಐವತ್ತೈದಾದರೂ ಬರಬೇಕು. "ಅಮ್ಮಾ, ಇಟ್ಸ್ ಓವರ್" ಎಂದು ಪೆನ್ನಿನ ಮುಚ್ಚಳ ಹಾಕಿದಳು. ಮತ್ರಾದಲ್ಲಿ ಸುಂದರಿಯ ಪರಿಚಯವಿದ್ದದ್ದು ಮೂರು ಮನೆಯವರಿಗೆ, ಅದರಲ್ಲಿ ಒಂದು ಮನೆಯವರು ರಜೆಯಲ್ಲಿ ಊರಿಗೆ ಹೋಗಿದ್ದರು.

ಇಳಿಯಬೇಡಿ ಎಂದು ಹೇಳಿದವರು ಒಬ್ಬರೇ, ಚಲುವರಾಜು. ದಿನಾ ಸಂಜೆ ಫೋನು. ನಿಮ್ಮಂಥವರು ಕೊನೇವರೆಗೂ ನಿಲ್ಲಬೇಕು, ಇದು ರುಸ್ತಾಕಿನ ಸ್ವಾಭಿಮಾನದ ಪ್ರಶ್ನೆ ಎಂದು ಹುರುಪು ತುಂಬುತ್ತಿದ್ದರು. ಬುಧವಾರ ಸುಂದರಿಯ ಫೋಟೋ ಇದ್ದ ಬಣ್ಣದ ಕರಪತ್ರದ ಕಟ್ಟೊಂದು ಅಂಗಡಿಗೆ ಬಂತು, ಅದೂ ಅವರೇ ಮುದ್ರಿಸಿ ಕಳಿಸಿದ್ದು. ಎದುರಾಳಿಯಾದರೂ ಎಂಥ ದೊಡ್ಡ ಮನಸ್ಸು ಎಂದು ಸುಂದರಿಯ ಕಣ್ಣು ತುಂಬಿತು. ಫೋಟೋದಲ್ಲಿ ತನ್ನ ಮುಖವನ್ನು ಸ್ವಲ್ಪ ಬೆಳ್ಳಗೆ ಮಾಡಿದ್ದಾರೆ ಎಂಬುದನ್ನೂ ಗಮನಿಸಿದಳು.

ಮರುದಿನ ಚಲುವರಾಜುವಿನ ಹೆಂಡತಿ ವೇದಾವತಿ ಅಂಗಡಿಗೆ ಬಂದರು. ಬಿಸಿನೀರಿನ ಬುಗ್ಗೆ ನೋಡಲು ರುಸ್ತಾಕಿಗೆ ಬಂದವರು, ಹೇಗೂ ಬಂದೆವಲ್ಲ ಎಂದು ರವಿಕೆಯ ಅಳತೆ ಕೊಡಲು ನಿಂತಿದ್ದರು. ಸಾದಾ ಹೆಂಗಸು, ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬರಲು ತಡವಿಲ್ಲ.

"ನೀವು ಮಾತ್ರ ಬಿಡ್ಬೇಡಿ ಕಣ್ರೀ" ಎಂದರು ಕೈ ಅಗಲಿಸಿಕೊಂಡು. "ನೀವು ನಿಂತಿರೋದೇ ನಮ್ಮನೆಯವರಿಗೆ ಧೈರ್ಯ. ಕರಾವಳಿಯವರ ಓಟು ನಿಮಗೂ ಗ್ರೆಟ್ಟಾಗೂ ಹಂಚಿ ಹೋಗ್ಬೇಕಂತೆ. ಒಬ್ಬರಿಗೇ ಬಿದ್ರೆ ಇವರು ಸೋತ್ರು ಅಂತಾನೇ ಲೆಕ್ಕವಂತೆ."

ಸುಂದರಿ ಟೇಪನ್ನು ವೇದಾವತಿಯ ಭುಜದಿಂದ ಮೊಣಕೈಗೆ ಎಳೆದಳು.

"ತೋಳು ಎಷ್ಟು ಉದ್ದ ಇಡಲಿ?" ಎಂದು ಕೇಳಿದಳು.

ಅವರು ಹೋದ ಮೇಲೆ ಸುಂದರಿ ಹೊಲಿಗೆ ಯಂತ್ರದ ಮುಂದೆ ಕೂತಳು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಬೆಳ್ಳಗೆ ಮಾಡಿದ ಮುಖದ ಕಟ್ಟು ಎದುರಿಗೇ ಇತ್ತು. ಸೋಲುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ ಅಂತೇನಿಲ್ಲ, ಆದರೆ ತನ್ನ ಸೋಲು ಇನ್ನೊಬ್ಬರಿಗೆ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ.

ಹಾಗಂತ ತಟ್ಟನೆ ಇಳಿಯುವುದೂ ಅವಳಿಗೆ ಸರಿ ಕಾಣಲಿಲ್ಲ. ಓಟು ಹಾಕಿದವರನ್ನು ಒಂದು ಮಾತು ಕೇಳದೆ ಬಿಡುವುದು ಹೇಗೆ? ಸಂಜೆ ರುಸ್ತಾಕಿನವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದಳು. ತನ್ನನ್ನೂ ಸೇರಿಸಿ ಲೆಕ್ಕ ಹಾಕಿದರೆ, ತನಗೆ ಓಟು ಹಾಕಿದ್ದೆಂದು ಹೇಳಿದವರು ಹತ್ತೊಂಬತ್ತು ಮಂದಿ. ಬಂದದ್ದು ಹದಿನಾಲ್ಕು. ಆ ಐವರು ಯಾರೆಂದು ಯೋಚಿಸಿದರೆ ಸ್ನೇಹ ಹಾಳು ಎಂದು ಅದನ್ನು ಅಲ್ಲಿಗೇ ಬಿಟ್ಟಳು. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಕ್ಕ, ನೀವು ನಿಂತರೂ ಅಡ್ಡಿಯಿಲ್ಲ, ಇಳಿದರೂ ಅಡ್ಡಿಯಿಲ್ಲ, ಕಾರ್ಯಕ್ರಮ ಮಾತ್ರ ಇಲ್ಲಿಗೆ ಬರಬೇಕು.

ಕೊನೆಯ ಫೋನು ಗ್ರೆಟ್ಟಾಗೆ. ಆ ಹುಡುಗಿ ಈ ಒಂದು ವಾರದಲ್ಲಿ ಒಮ್ಮೆಯೂ ಕರೆ ಮಾಡಿರಲಿಲ್ಲ. ಸುಂದರಿ ಅದನ್ನೇ ಮೊದಲು ಕೇಳಿದಳು.

"ಯಾವ ಬಾಯಲ್ಲಿ ಕೇಳುವುದು ಸುಂದರಿಯಕ್ಕ?" ಎಂದಳು ಗ್ರೆಟ್ಟಾ. "ನಾಲ್ಕು ಓಟಾದ್ರೂ ಅದು ನಿಮ್ಮದು. ಬಿಡಿ ಅಂತ ಹೇಳ್ಲಿಕ್ಕೆ ನಾನು ಯಾರು?"

"ನೀನು ಗೆದ್ರೆ ರುಸ್ತಾಕಿಗೆ ಬರ್ತೀಯಾ?"

"ವರ್ಷಕ್ಕೆ ಎರಡು ಸಲ ಮಾಡುವ."

"ಒಂದು ಸಾಕು. ಎರಡು ಮಾಡಿದ್ರೆ ಅಡುಗೆಗೆ ನಾನೇ ನಿಲ್ಬೇಕು" ಎಂದಳು ಸುಂದರಿ.

ಶುಕ್ರವಾರ ಬೆಳಿಗ್ಗೆ ಮತ್ರಾದ ಕಿರಿದಾದ ಓಣಿಯೊಂದರಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಜನ ಸೇರಿದರು. ಮತಪತ್ರದಲ್ಲಿ ಮೂವರ ಹೆಸರೂ ಮುದ್ರಣವಾಗಿಬಿಟ್ಟಿತ್ತು. ಒಬ್ಬೊಬ್ಬರಿಗೂ ಐದು ನಿಮಿಷದ ಭಾಷಣ. ಚಲುವರಾಜು ಹದಿನೇಳು ನಿಮಿಷ ಮಾತಾಡಿ ಕೂತರು. ಸುಂದರಿ ಬರೆದುಕೊಂಡು ಬಂದಿದ್ದ ಚೀಟಿ ಕಾರಿನಲ್ಲೇ ಉಳಿದಿತ್ತು. ಮೈಕು ಹಿಡಿದಳು.

"ಅಧ್ಯಕ್ಷೆ ಆಗುವ ಆಸೆಯಿಂದ ನಾನು ನಿಂತದ್ದಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ಆಗ್ಬೇಕು ಅಂತಲೇ ನಿಂತದ್ದು. ಆಗ್ಲಿಕ್ಕಿಲ್ಲ ಅಂತ ಈಗ ಗೊತ್ತಾಯ್ತು. ಇನ್ನೂ ನಿಂತ್ರೆ ಬೇರೆಯವರ ಕೆಲಸಕ್ಕೆ ನಿಂತ ಹಾಗೆ ಆಗ್ತದೆ. ಹಾಗಾಗಿ ಇಳಿತೇನೆ. ನನಗೆ ಹಾಕ್ಬೇಕು ಅಂತ ಯಾರಾದ್ರೂ ಇದ್ರೆ, ದಯವಿಟ್ಟು ಗ್ರೆಟ್ಟಾಗೆ ಹಾಕಿ."

ಒಂದು ನಿಮಿಷವೂ ಆಗಿರಲಿಲ್ಲ. ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಮುಂದಿನ ಸಾಲಿನ ಹಿರಿಯರವರೆಗೂ ಬಂತು. ಚಲುವರಾಜು ಕೂಡ ಚಪ್ಪಾಳೆ ತಟ್ಟಿದರು, ಸ್ವಲ್ಪ ನಿಧಾನವಾಗಿ. ವೇದಾವತಿ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು.

ಎಣಿಕೆ ಮುಗಿದಾಗ ಗ್ರೆಟ್ಟಾಗೆ ನಲವತ್ತಾರು, ಚಲುವರಾಜುಗೆ ಮೂವತ್ತಮೂರು. ಎಲ್ಲಾ ಸೇರಿಸಿ ಗ್ರೆಟ್ಟಾ ಆರು ಓಟಿನಿಂದ ಗೆದ್ದಳು. ಉಳಿದ ಹನ್ನೊಂದು ಓಟು ಸುಂದರಿಯ ಹೆಸರಿಗೆ ಬಿದ್ದಿದ್ದವು. ನಿಂತಾಗ ಅಲ್ ಅಮೇರಾತ್‌ನಲ್ಲಿ ಸಿಕ್ಕಿದ್ದು ನಾಲ್ಕು, ಇಳಿದ ಮೇಲೆ ಮತ್ರಾದಲ್ಲಿ ಹನ್ನೊಂದು. ಕನ್ನಡಕದ ಹಿರಿಯರೊಬ್ಬರು ಮೆಟ್ಟಿಲಲ್ಲಿ ಸಿಕ್ಕಿ, ಇಷ್ಟು ಚಂದ ಇಳಿದವರನ್ನು ನಾನು ನೋಡಿರಲಿಲ್ಲಮ್ಮ, ಅದಕ್ಕೇ ನಿಮಗೇ ಹಾಕಿದೆ ಎಂದರು. ತಾನು ಇಳಿದದ್ದೇ ಬೇರೆಯವರಿಗೆ ಹಾಕಲಿ ಎಂಬ ಕಾರಣಕ್ಕೆ ಎಂದು ಅವರಿಗೆ ಬಿಡಿಸಿ ಹೇಳಲು ಸುಂದರಿಗೆ ಮನಸ್ಸಾಗಲಿಲ್ಲ.

ವಾಪಸ್ ಬರುವಾಗ ಬೋಜ ಕಾರು ಓಡಿಸಿದ, ಸುಂದರಿ ದಾರಿಯುದ್ದಕ್ಕೂ ಆ ಹನ್ನೊಂದು ಮಂದಿ ಯಾರಿರಬಹುದು ಎಂದು ಬೆರಳು ಮಡಚುತ್ತ ಬಂದಳು. ಇನ್ನೆರಡು ವಾರ ಪ್ರಚಾರ ಮಾಡಿದ್ದರೆ ಏನಾಗುತ್ತಿತ್ತೋ ಎಂದು ಬರ್ಕಾ ದಾಟುವಾಗ ಅಂದಳು. ಬೋಜ ಗಾಬರಿಯಿಂದ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು.

ಭಾನುವಾರ ಅಂಗಡಿ ತೆರೆದ ಕೂಡಲೇ ಹಳೆಯ ಗಿರಾಕಿ ಮೈಮುನಾ ಬಂದಳು. ಮೂರು ಮನೆ ಆಚೆಯ ಒಮಾನಿ ಹೆಂಗಸು, ಮಗಳ ಮದುವೆಯ ಬಟ್ಟೆ ಹೊಲಿಯಲು ಕೊಟ್ಟಿದ್ದವಳು. ಚುನಾವಣೆ ಏನಾಯಿತು ಎಂದು ಕೇಳಿದಳು. ಸುಂದರಿ ತನಗೆ ಬರುವ ಅರಬ್ಬಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಮೈಮುನಾ ತಲೆ ಓರೆ ಮಾಡಿ ಕೇಳಿಸಿಕೊಂಡು, ನೀನು ಖಲಾಸ್ ಅಂದ ಮೇಲೆಯೂ ಜನ ಓಟು ಹಾಕಿದರಾ ಎಂದು ವಿಚಾರಿಸಿದಳು.

ಹೌದು, ಹಿಂದಿನ ವಾರಕ್ಕಿಂತ ಆಮೇಲೆಯೇ ಜಾಸ್ತಿ ಹಾಕಿದ್ದು ಎಂದಳು ಸುಂದರಿ, ಮದುಮಗಳ ತೋಳಿಗೆ ಜರಿಯ ಪಟ್ಟಿಯಿಟ್ಟು ಸಾಲು ಸರಿಯಿದೆಯೇ ಎಂದು ನೋಡುತ್ತ.